ಬಘೀರನ ಕೊರಳ ಗುರುತು

ಚಿಕ್ಕಂದಿನಲ್ಲಿ ಪ್ರಿಯವಾಗಿದ್ದ ಕಥೆಯೊಂದನ್ನು ಬೆಳೆದ ಮೇಲೆ ಬೇರೊಂದು ರೂಪದಲ್ಲಿ ಕಂಡಾಗ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯಾಗುತ್ತದೆ. ಹುಟ್ಟಿ ಬೆಳೆದ ಮನೆಗೆ ಬಹುಕಾಲದ ಮೇಲೆ ಹೋದವನು ಗೋಡೆಯ ಬಣ್ಣ ಬದಲಾಗಿರುವುದನ್ನೂ ಅಂಗಳದ ಪಾರಿಜಾತ ಮಾಯವಾಗಿರುವುದನ್ನೂ ಕಂಡು ಬಾಗಿಲಲ್ಲೇ ನಿಂತುಬಿಡುವುದಿಲ್ಲವೆ? ಹಾಗೆ. ಮೌಗ್ಲಿಯ ಕಥೆ ನನಗೆ ಅಂಥ ಅನುಭವವನ್ನು ತಂದುಕೊಟ್ಟಿತು.

1993ರ ಸುಮಾರಿನಲ್ಲಿ ನಾನು ಮೈಸೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಓದುತ್ತಿದ್ದೆ. ಆಗ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೌಗ್ಲಿಯ ಧಾರಾವಾಹಿ ಬರುತ್ತಿತ್ತು. ಅದು ಜಪಾನಿನವರು ತಯಾರಿಸಿದ ಕಾರ್ಟೂನ್, ಮಾತು ಹಿಂದಿಯದು. ನಮಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಬೀದಿಯ ಮಕ್ಕಳೆಲ್ಲ ಟೆಲಿವಿಷನ್ ಇದ್ದ ಮನೆಯ ನಡುಮನೆಯಲ್ಲಿ ಜಮಾಯಿಸುತ್ತಿದ್ದೆವು. ನಮ್ಮ ಹುಚ್ಚನ್ನು ಕಂಡ ನೆರೆಮನೆಯವರೊಬ್ಬರು ವಾಲ್ಟ್ ಡಿಸ್ನಿಯವರ ‘ದಿ ಜಂಗಲ್ ಬುಕ್’ ಚಿತ್ರದ ಕ್ಯಾಸೆಟ್ಟನ್ನು ಬಾಡಿಗೆಗೆ ತಂದು ತೋರಿಸಿದರು. 1967ರಲ್ಲಿ ತೆರೆಕಂಡ ಆ ಕಾರ್ಟೂನ್ ಚಿತ್ರ ನಮ್ಮನ್ನು ಪೂರ್ತಿಯಾಗಿ ಮರುಳುಮಾಡಿತು. ಅಲ್ಲಿ ಕರಡಿ ಬಲೂ ಸದಾ ಹಾಡುತ್ತದೆ, ಕುಣಿಯುತ್ತದೆ, ಬೆನ್ನು ತುರಿಸಿಕೊಳ್ಳುತ್ತದೆ. ಆನೆಗಳು ಸೈನಿಕರಂತೆ ಕವಾಯತು ಮಾಡುತ್ತವೆ. ಹುಲಿ ಶೇರ್ ಖಾನ್ ಕೂಡ ಕೊನೆಗೆ ಬಾಲಕ್ಕೆ ಉರಿಯುವ ಕೊಂಬೆ ಕಟ್ಟಿಸಿಕೊಂಡು ಓಡಿಹೋಗುತ್ತದೆಯೇ ಹೊರತು ಸಾಯುವುದಿಲ್ಲ.

ಆ ವರ್ಷ ದಸರಾ ರಜೆಯಲ್ಲಿ ತಂದೆಯವರು ನನ್ನನ್ನು ಮೃಗಾಲಯಕ್ಕೆ ಕರೆದೊಯ್ದರು. ಚಿರತೆಯ ಪಂಜರದ ಮುಂದೆ ನಿಂತು, “ಅಪ್ಪಾ, ಬಘೀರನ ಅಣ್ಣ!” ಎಂದು ನಾನು ಕೂಗಿದೆ. ಚಿರತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಂಬಿಗಳುದ್ದಕ್ಕೂ ಆ ಕೊನೆಯಿಂದ ಈ ಕೊನೆಗೆ ಒಂದೇ ಸಮನೆ ನಡೆಯುತ್ತಿತ್ತು. ಅದು ಏಕೆ ಹಾಗೆ ನಡೆಯುತ್ತಿದೆ ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲೇ ಇಲ್ಲ.

ಮುಂದೆ ಕಾಲೇಜಿಗೆ ಬಂದಾಗ ಈ ಕಥೆಗಳ ಮೂಲವಾದ, ರಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಓದಿದೆ. ಅಲ್ಲಿನ ಬಲೂ ಸೋಮಾರಿಯಲ್ಲ. ಕಾಡಿನ ಕಟ್ಟಳೆಯನ್ನು ಕಲಿಸುವ ಕಟ್ಟುನಿಟ್ಟಿನ ಗುರು. ಕಾರ್ಟೂನಿನಲ್ಲಿ ಮೌಗ್ಲಿಯನ್ನು ನುಂಗಹೊರಟ ಹೆಬ್ಬಾವು, ಪುಸ್ತಕದಲ್ಲಿ ಅವನ ಆಪ್ತಮಿತ್ರ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕಲಕಿದ್ದು ಬಘೀರನ ವೃತ್ತಾಂತ. ಕಾಡಿನಲ್ಲಿ ಯಾರಿಗೂ ಹೇಳದ ಗುಟ್ಟೊಂದನ್ನು ಆ ಕರಿಚಿರತೆ ಮೌಗ್ಲಿಗೆ ಹೇಳುತ್ತದೆ. ತನ್ನ ಗದ್ದದ ಕೆಳಗೆ ಮುಟ್ಟಿ ನೋಡೆನ್ನುತ್ತದೆ. ಅಲ್ಲಿ ಕೂದಲಿಲ್ಲದ ಒಂದು ಬೋಳು ಗುರುತು. ಅದು ಕೊರಳಪಟ್ಟಿ ಉಜ್ಜಿ ಉಜ್ಜಿ ಆದದ್ದು. ಬಘೀರ ಹುಟ್ಟಿದ್ದು ಉದಯಪುರದ ಅರಸನ ಪಂಜರದಲ್ಲಿ; ಅದರ ತಾಯಿ ಸತ್ತದ್ದೂ ಅಲ್ಲಿಯೇ. ಕಡೆಗೊಂದು ದಿನ ಬೀಗವನ್ನು ಪಂಜದಿಂದ ಹೊಡೆದು ಮುರಿದು ಅದು ಕಾಡಿಗೆ ಬಂದಿತ್ತು.

ಈ ಗುರುತು ಕಾರ್ಟೂನ್ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಅದು ಮರೆವಿನಿಂದ ಬಿಟ್ಟುಹೋದದ್ದಲ್ಲ. ಡಿಸ್ನಿಯವರ ಬಳಿ ಕಥೆಗಾರರಾಗಿದ್ದ ಬಿಲ್ ಪೀಟ್ ಎಂಬವರು ಮೊದಲು ಬರೆದ ಚಿತ್ರಕಥೆ ಮೂಲದಂತೆಯೇ ಗಂಭೀರವಾಗಿತ್ತು. ಅದು ತೀರ ಕತ್ತಲೆಯದಾಯಿತೆಂದು ಡಿಸ್ನಿ ಒಪ್ಪಲಿಲ್ಲ. ಪೀಟ್ ಸಂಸ್ಥೆಯನ್ನು ಬಿಟ್ಟರು. ಕಥೆ ಹೊಸದಾಗಿ, ಹಗುರವಾಗಿ ಸಿದ್ಧವಾಯಿತು. 1966ರ ಡಿಸೆಂಬರಿನಲ್ಲಿ ಡಿಸ್ನಿ ತೀರಿಕೊಂಡರು. ಚಿತ್ರ ತೆರೆಕಂಡದ್ದು ಮರುವರ್ಷ. ಮಕ್ಕಳು ನಗಲಿ ಎಂಬ ಅವರ ಬಯಕೆಯನ್ನು ನಾನು ಹಳಿಯಲಾರೆ. ಕಾಡೆಂದರೆ ಭಯವಲ್ಲ, ಪ್ರೀತಿ ಎಂಬುದನ್ನು ನನಗೆ ಮೊದಲು ಕಲಿಸಿದ್ದು ಆ ನಗೆಯೇ.

2018ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಅದೇ ಕಥೆಯ ಇನ್ನೊಂದು ಚಿತ್ರ ಬಂದಿತು. ಆಂಡಿ ಸರ್ಕಿಸ್ ನಿರ್ದೇಶಿಸಿದ ಅದರ ಹೆಸರು ‘ಮೌಗ್ಲಿ: ಲೆಜೆಂಡ್ ಆಫ್ ದಿ ಜಂಗಲ್’. ಅದು ಕಾರ್ಟೂನಲ್ಲ. ನಟರ ಅಂಗಚಲನೆಯನ್ನೂ ಮುಖಭಾವವನ್ನೂ ಗಣಕಯಂತ್ರದ ಮೂಲಕ ಪ್ರಾಣಿಗಳ ರೂಪಕ್ಕೆ ಇಳಿಸಿ ತೆಗೆದ ಚಿತ್ರ. ಅಲ್ಲಿನ ಬಲೂ ಹಾಡುವುದಿಲ್ಲ, ಗದರಿಸುತ್ತದೆ. ಶೇರ್ ಖಾನನ ಬಾಯಲ್ಲಿ ರಕ್ತವಿದೆ. ಮೌಗ್ಲಿಯ ಮೈಯೆಲ್ಲ ತರಚುಗಾಯ. ಅವನಂತೆಯೇ ಹಿಂಡಿನಲ್ಲಿ ಬೇರೆಯಾಗಿ ಕಾಣುವ, ಭೂತ್ ಎಂಬ ಬಿಳಿಯ ತೋಳದ ಮರಿಯೊಂದು ಅವನ ಗೆಳೆಯ. ಒಂದು ದಿನ ದುಃಖದಲ್ಲಿದ್ದ ಮೌಗ್ಲಿ ಆ ಮರಿಯ ಮೇಲೆ ಕಟುವಾಗಿ ರೇಗುತ್ತಾನೆ. ಅವನು ಮತ್ತೆ ಅದನ್ನು ಕಾಣುವುದು ಬೇಟೆಗಾರನೊಬ್ಬನ ಮನೆಯಲ್ಲಿ. ಜೀವವಿಲ್ಲದೆ, ಒಳಗೆ ತುಂಬಿ ನಿಲ್ಲಿಸಿದ ಗೊಂಬೆಯಾಗಿ. ಈ ಚಿತ್ರದಲ್ಲಿ ಬಘೀರನ ಕೊರಳ ಗುರುತು ಮರಳಿ ಬಂದಿದೆ.

ಅಮೆರಿಕದಲ್ಲಿ ಈ ಚಿತ್ರವನ್ನು 13 ವರ್ಷಕ್ಕಿಂತ ಚಿಕ್ಕವರಿಗೆ ತೋರಿಸುವ ಮುನ್ನ ತಂದೆತಾಯಿಗಳು ಯೋಚಿಸಬೇಕೆಂಬ ಎಚ್ಚರಿಕೆಯ ದರ್ಜೆಗೆ ಸೇರಿಸಿದರು. ಈ ಪಾಠವನ್ನು ಓದುತ್ತಿರುವ ನೀವು ಆ ಗೆರೆಯನ್ನು ದಾಟಿದವರು. ಆದುದರಿಂದ ಪ್ರಶ್ನೆಯನ್ನು ನಿಮ್ಮ ಮುಂದೆಯೇ ಇಡಬಹುದು: ಮಕ್ಕಳ ಕಥೆಗೆ ಈ ಕತ್ತಲೆ ಬೇಕಿತ್ತೆ?

ಬೇಡವಾಗಿತ್ತೆನ್ನುವವರುಂಟು. ಭೂತ್ ಎಂಬ ಮರಿ ಕಿಪ್ಲಿಂಗನ ಪುಸ್ತಕದಲ್ಲಿಯೇ ಇಲ್ಲ; ನಮ್ಮನ್ನು ಅಳಿಸಲೆಂದೇ ಅದನ್ನು ಸೃಷ್ಟಿಸಿ ಕೊಂದರು ಎಂದು ಅವರು ಹೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆದರೆ ಆ ಮರಿಯ ಗತಿ ಕಟ್ಟುಕಥೆಯಲ್ಲವೆಂಬುದಕ್ಕೆ ಸಾಕ್ಷಿ ನಮ್ಮ ಊರಿನಲ್ಲಿಯೇ ಇದೆ. ಬೇಟೆಯಾಡಿದ ಮೃಗಗಳ ಚರ್ಮವನ್ನು ಹದಮಾಡಿ, ಜೀವಂತವಿರುವಂತೆ ತುಂಬಿ ನಿಲ್ಲಿಸುವುದರಲ್ಲಿ ಲೋಕಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇದ್ದದ್ದು ಮೈಸೂರಿನಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರಲ್ಲಿ ಮುಚ್ಚುವವರೆಗೆ ಅಲ್ಲಿ ಸಿದ್ಧವಾದ ಹುಲಿ ಚಿರತೆಗಳ ಸಂಖ್ಯೆ 40,000ವನ್ನು ಮೀರಿತ್ತೆಂದು ಅಂದಾಜು. ಅರಸರ, ಆಂಗ್ಲ ಅಧಿಕಾರಿಗಳ ಗೋಡೆಗಳನ್ನು ಅವು ಅಲಂಕರಿಸಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಬೇಟೆಯ ಯುಗ ಮುಗಿಯಿತು. ಕಾರ್ಟೂನಿನ ಕಾಡಿನಲ್ಲಿ ಬೇಟೆಗಾರನ ಕೈಚಳಕ ಕಾಣುವುದಿಲ್ಲ. ಕತ್ತಲೆಯ ಚಿತ್ರ ಕಂಡದ್ದನ್ನು ಕಂಡಂತೆ ಹೇಳಿದೆ.

ಇನ್ನೊಂದು ನಿದರ್ಶನವೂ ನಮ್ಮದೇ. ಡಿಸ್ನಿಯ ಕಾರ್ಟೂನಿಗೆ 25 ವರ್ಷ ಮೊದಲು, 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯಾಗಿ ನಟಿಸಿದ ಸಾಬು, ಕಬಿನಿ ನದಿಯ ತೀರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು, ಮಾವುತನ ಮಗ. ತಂದೆಯನ್ನು ಕಳೆದುಕೊಂಡ ಆ ಬಾಲಕ ಮೈಸೂರು ಮಹಾರಾಜರ ಆನೆಲಾಯದಲ್ಲಿದ್ದಾಗ ಚಿತ್ರ ತಯಾರಕರ ಕಣ್ಣಿಗೆ ಬಿದ್ದು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಿತನಾದ. ಆನೆಯ ಮೇಲೆ ಕುಳಿತು ನಗುವ ಆ ಹುಡುಗನನ್ನು ಲೋಕವೆಲ್ಲ ಮೆಚ್ಚಿತು. ಆದರೆ ಅದೇ ಸೀಮೆಯ ಕಾಕನಕೋಟೆಯಲ್ಲಿ ಕಾಡಾನೆಗಳ ಹಿಂಡನ್ನು ಬೆದರಿಸಿ ಓಡಿಸಿ, ಆವರಣದೊಳಗೆ ಕೂಡಿಹಾಕಿ ಹಿಡಿಯುವ ಖೆಡ್ಡಾ 1971ರವರೆಗೂ ನಡೆಯಿತು. ತೆರೆಯ ಮೇಲೆ ಕಂಡ ನಗೆಯೂ ನಿಜ, ಆನೆಗಳ ಕಾಲಿನ ಸರಪಳಿಯೂ ನಿಜ. ಒಂದನ್ನು ಮಾತ್ರ ಹೇಳಿದರೆ ಅರ್ಧ ಕಥೆ.

ಹಾಗಾದರೆ ಕತ್ತಲೆಯ ಕಥೆಯೇ ಸತ್ಯ, ನಗೆಯ ಕಥೆ ಸುಳ್ಳು ಎನ್ನೋಣವೆ? ಇದನ್ನೂ ನಾನು ಒಪ್ಪಲಾರೆ. ಕತ್ತಲೆಯನ್ನು ಬಳಿದ ಮಾತ್ರಕ್ಕೆ ಕಥೆಗೆ ಪ್ರೌಢಿಮೆ ಬರುವುದಿಲ್ಲ. ಹೊಸ ಚಿತ್ರದ ದೋಷವೂ ಇಲ್ಲಿಯೇ ಇದೆ. ಅದರಲ್ಲಿ ನಗುವಿಗೆ ಎಡೆಯೇ ಇಲ್ಲವೆನ್ನಬೇಕು. ತೋಳದ ಮರಿಗಳು ಒಂದರ ಮೇಲೊಂದು ಬಿದ್ದು ಆಡುವುದೂ ಆನೆಮರಿ ನೀರಿನಲ್ಲಿ ಹೊರಳಾಡುವುದೂ ಕಾಡಿನ ಸತ್ಯಗಳೇ ಅಲ್ಲವೆ? ಆಟವಿಲ್ಲದ ಕಾಡು, ನೋವಿಲ್ಲದ ಕಾಡಿನಷ್ಟೇ ಅಪೂರ್ಣ.

ಕಥೆಯಲ್ಲಿ ಬರುವ ದುಃಖಕ್ಕೆ ಕಾರಣವಿರಬೇಕು, ಅದು ಏನನ್ನಾದರೂ ಬೆಳಗಬೇಕು. ನನ್ನ ಒರೆಗಲ್ಲು ಇದು. ಕನ್ನಡದ ಮಕ್ಕಳಿಗೆ ಇದು ಹೊಸದಲ್ಲ. ಪುಣ್ಯಕೋಟಿಯ ಕಥೆಯನ್ನು ನಮ್ಮ ಅಜ್ಜಿಯರು ಎಳೆಯ ಕೂಸುಗಳಿಗೂ ಹೇಳಿದರು. ಅಲ್ಲಿ ತಾಯಿ ಕರುವನ್ನು ಬಿಟ್ಟು ಸಾವಿನ ಬಾಯಿಗೆ ಹೊರಡುತ್ತಾಳೆ. ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಇದಕ್ಕಿಂತ ಕತ್ತಲೆ ಬೇಕೆ? ಆದರೂ ಆ ಕಥೆ ಕೇಳಿ ಯಾವ ಮಗುವೂ ಕೆಡಲಿಲ್ಲ. ಆ ಸಾವು ಮಾತಿನ ಬೆಲೆಯನ್ನು ತೋರಿಸಿತು; ಹುಲಿಗೂ ಮನಸ್ಸುಂಟೆಂದು ತಿಳಿಸಿತು. ಬಘೀರನ ಕೊರಳ ಗುರುತೂ ಇಂಥದೇ. ಕೆರಳಿಸಲು ಇಟ್ಟ ಗಾಯವಲ್ಲ, ಸ್ವಾತಂತ್ರ್ಯದ ಬೆಲೆಯನ್ನು ಅರುಹುವ ಗಾಯ.

ಈ ವಿಚಾರ ಸಿನಿಮಾದ ಚರ್ಚೆಗಷ್ಟೇ ಸೀಮಿತವಲ್ಲ. ನಮ್ಮ ಜಿಲ್ಲೆಯ ಅಂಚಿನಲ್ಲಿ ನಾಗರಹೊಳೆ ಇದೆ, ನೆರೆಯಲ್ಲಿ ಬಂಡೀಪುರವಿದೆ. 2022ರ ಕೊನೆಯಲ್ಲಿಯೂ 2023ರ ಆರಂಭದಲ್ಲಿಯೂ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಸಿಕ್ಕಿ ಜನ ಸತ್ತರು. ಅವರಲ್ಲಿ ನಿಮ್ಮ ವಯಸ್ಸಿನ ಆಸುಪಾಸಿನವರೂ ಇದ್ದರು. ಹೊಲಕ್ಕೆ ಹೋಗಲು, ಸಂಜೆ ಅಂಗಳಕ್ಕಿಳಿಯಲು ಜನ ಅಂಜಿದರು. ಆ ಮನೆಗಳವರಿಗೆ ಬಘೀರ ಮುದ್ದಿನ ಗೆಳೆಯನೆಂದು ಹೇಳುವ ಬಾಯಿ ಯಾರಿಗಿದೆ? ಆದರೆ ಚಿರತೆಯೆಂದರೆ ಕೊಲ್ಲಬೇಕಾದ ಪಿಶಾಚಿ ಎಂದು ಮಾತ್ರ ಕಲಿತ ಮಗು, ನಾಳೆ ದೊಣ್ಣೆ ಹಿಡಿದ ಗುಂಪಿನಲ್ಲಿ ಸೇರಿ ದಾರಿತಪ್ಪಿ ಬಂದ ಮರಿಯನ್ನೂ ಬಡಿದೀತು. ಚಿರತೆ ಗೆಳೆಯನೂ ಅಲ್ಲ, ಪಿಶಾಚಿಯೂ ಅಲ್ಲ. ಅದು ನಮ್ಮ ನೆರೆಯಲ್ಲಿ ಬಾಳುವ, ನಮ್ಮಂತೆಯೇ ಹಸಿವುಳ್ಳ ಒಂದು ಜೀವ. ಈ ಮಾತು ಮನಸ್ಸಿಗೆ ಹತ್ತಬೇಕಾದರೆ ಪ್ರೀತಿಯೂ ಬೇಕು, ಅಂಜಿಕೆಯೂ ಬೇಕು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಮೊದಲು ನಗೆಯ ಮೌಗ್ಲಿ ಬರಲಿ. ಪ್ರೀತಿಸದ ವಸ್ತುವಿನ ಗಾಯಕ್ಕಾಗಿ ಯಾರೂ ಮರುಗುವುದಿಲ್ಲ. ಬಳಿಕ, ತಕ್ಕ ವಯಸ್ಸಿನಲ್ಲಿ, ಕತ್ತಲೆಯ ಮೌಗ್ಲಿಯೂ ಬರಲಿ. ಗಾಯವನ್ನು ಕಾಣದ ಪ್ರೀತಿ ಬಹುದೂರ ನಡೆಯಲಾರದು. ಎರಡನೆಯದನ್ನು ಕಂಡ ಮೇಲೆ ಮೊದಲನೆಯದನ್ನು ಮರೆಯಬೇಕಾಗಿಯೂ ಇಲ್ಲ.

ಹೊಸ ಚಿತ್ರವನ್ನು ನೋಡಿದ ಮೇಲೆ ನಾನು ಮತ್ತೊಮ್ಮೆ ನಮ್ಮ ಮೃಗಾಲಯಕ್ಕೆ ಹೋದೆ. 1892ರಲ್ಲಿ ಚಾಮರಾಜ ಒಡೆಯರು ಸ್ಥಾಪಿಸಿದ ಆ ಉದ್ಯಾನದಲ್ಲಿ ಹಳೆಯ ಮರಗಳು ಹಾಗೆಯೇ ನೆರಳು ಚೆಲ್ಲಿದ್ದವು. ಚಿರತೆಯ ಮುಂದೆ ಒಬ್ಬ ಪುಟ್ಟ ಹುಡುಗ ನಿಂತು ಕೈಬೀಸಿ ಬಘೀರನನ್ನು ಕರೆಯುತ್ತಿದ್ದ. ಅವನನ್ನು ತಿದ್ದಬೇಕೆಂದು ನನಗೆ ಅನ್ನಿಸಲಿಲ್ಲ. ಅವನಿಗಿನ್ನೂ ಸಮಯವಿದೆ. ನಾನು ಮಾತ್ರ ಮಾತಿಲ್ಲದೆ ಚಿರತೆಯ ಕೊರಳನ್ನು ನೋಡುತ್ತ ಬಹಳ ಹೊತ್ತು ನಿಂತೆ.