ಬಫರಿನ ಮಿತಿ ತೆಗೆಯಿರಿ ಎನ್ನುವವರಿಗೆ

ಒಂದೇ ಯಂತ್ರದೊಳಗಿನ ಎರಡು ಪ್ರೋಗ್ರಾಂಗಳು ಮಾತಾಡಿಕೊಳ್ಳಲು ಹರಿವಿನ ನಿಯಂತ್ರಣ ಯಾಕೆ, ಬಫರಿನ ಮಿತಿ ಕಿತ್ತುಹಾಕಿ ಎಂಬ ವಾದ ಮತ್ತೆ ತಲೆ ಎತ್ತಿದೆ. ವಾದಿಗಳ ಕಾರಣಗಳನ್ನು ಒಂದೊಂದಾಗಿ ತೂಗೋಣ, ತೀರ್ಪು ಓದುಗರದು.

ಅವರ ಮೊದಲ ಮಾತು: ಇಲ್ಲಿ ತಂತಿಯೇ ಇಲ್ಲ, ಪ್ಯಾಕೆಟ್ ಕಳೆದುಹೋಗುವುದೆಲ್ಲಿ? ತಂತಿ ಇಲ್ಲ, ಒಪ್ಪಿದೆ. 127.0.0.1ಕ್ಕೆ ಯುಡಿಪಿ ಪ್ಯಾಕೆಟ್ ಸುರಿಯುತ್ತ, ಓದುವ ಪ್ರೋಗ್ರಾಮನ್ನು ತುಸು ಹೊತ್ತು ಮಲಗಿಸಿ ನೋಡಿ. ಸ್ವೀಕಾರದ ಬಫರ್ ತುಂಬಿದೊಡನೆ ಲಿನಕ್ಸ್ ಉಳಿದದ್ದನ್ನು ಸದ್ದಿಲ್ಲದೆ ಎಸೆಯುತ್ತದೆ. ಕಳಿಸಿದವನಿಗೆ ಮಾತ್ರ ಎಲ್ಲವೂ ಸುಸೂತ್ರ! ಎಸೆದದ್ದರ ಲೆಕ್ಕವನ್ನು ಕರ್ನಲ್ಲೇ ಇಟ್ಟಿರುತ್ತದೆ, ನೋಡುವ ಮನಸ್ಸಿದ್ದರೆ.

ಎರಡನೆಯದು ಅವರ ಬ್ರಹ್ಮಾಸ್ತ್ರ: ಮೆಮೊರಿ ಅಗ್ಗ, ಬಫರ್ ಹಿಗ್ಗಿಸಿ. ಸರಿ, ಲೆಕ್ಕ ಹಾಕೋಣ. ಬರೆಯುವವನು ಸೆಕೆಂಡಿಗೆ 100 ಎಂಬಿ ಬರೆದು, ಓದುವವನು 80 ಎಂಬಿ ಓದಿದರೆ, ಸೆಕೆಂಡಿಗೆ 20 ಎಂಬಿ ಬಾಕಿ. 16 ಜಿಬಿ ತುಂಬಲು ಹದಿಮೂರು ನಿಮಿಷ ಚಿಲ್ಲರೆ. ಆಮೇಲೆ? ಸಾಕೆಟ್ ಬಫರ್ ಕರ್ನಲ್ಲಿನ ಮೆಮೊರಿ; ಅದನ್ನು ಡಿಸ್ಕಿಗೆ ತಳ್ಳುವಂತಿಲ್ಲ. ಮೆಮೊರಿ ಬರಿದಾದಾಗ ಕರ್ನಲ್ ಯಾರನ್ನಾದರೂ ಕೊಲ್ಲಲೇಬೇಕು, ಅದು ತಪ್ಪಿತಸ್ಥನೇ ಆಗಿರಬೇಕೆಂದಿಲ್ಲ. ಪಟಾನ್‌ಚೆರುವಿನ ಸಾಕಿ ಕೆರೆಯ ಹೂಳೆತ್ತಿದ ಮಾತ್ರಕ್ಕೆ ತೂಬು ಅಗಲವಾಗುವುದಿಲ್ಲ. ಮೆಮೊರಿ ಅನಂತವಾಗಿದ್ದರೂ ಪ್ಯಾಕೆಟ್‌ಗಳು ಸಾಲಿನಲ್ಲೇ ಆಯಸ್ಸು ಮುಗಿದು ವ್ಯರ್ಥವಾಗುತ್ತವೆ ಎಂದು ಜಾನ್ ನೇಗಲ್ 1985ರಲ್ಲೇ ಆರ್‌ಎಫ್‌ಸಿ 970ರಲ್ಲಿ ತೋರಿಸಿಕೊಟ್ಟರು. ಅದು ಜಾಲದ ಮಾತು ಎಂದು ಜಾರಿಕೊಳ್ಳುತ್ತಾರೆ. ಸಾಲು ಬೆಳೆಯುವುದಕ್ಕೆ ಜಾಲವಾದರೇನು, ಒಂದೇ ಪೆಟ್ಟಿಗೆಯಾದರೇನು?

ಇನ್ನು ಅವರ ಪ್ರಯೋಗ. ಲಿನಕ್ಸಿನ ಯುನಿಕ್ಸ್ ಡೊಮೇನ್ ಸಾಕೆಟ್‌ನಲ್ಲಿ ಸ್ವೀಕಾರದ ಬಫರ್ ಹಿಗ್ಗಿಸಿದೆವು, ವೇಗ ಹೆಚ್ಚಿತು ಎನ್ನುತ್ತಾರೆ. ಲಿನಕ್ಸ್ ಕೈಪಿಡಿಯ ಪ್ರಕಾರ ಆ ಸಾಕೆಟ್‌ನಲ್ಲಿ ಕಳುಹಿಸುವ ಬದಿಯ ಮಿತಿ ಮಾತ್ರ ಲೆಕ್ಕಕ್ಕೆ ಬರುತ್ತದೆ, ಸ್ವೀಕಾರದ್ದು ಬರುವುದೇ ಇಲ್ಲ. ತಿರುಗಿಸಿದ್ದು ಯಾವುದಕ್ಕೂ ಜೋಡಿಸದ ಗುಂಡಿಯನ್ನು. ಹೆಚ್ಚಿದ ವೇಗ ಯಾರದ್ದೋ ಅವರೇ ಹೇಳಲಿ.

ಮಿತಿಯಿಂದಲೇ ಪ್ರೋಗ್ರಾಂ ಸ್ಥಗಿತವಾಗುತ್ತದೆ ಎಂಬುದು ಕೊನೆಯ ದೂರು. ಎರಡೂ ಕಡೆಯವರು ಬರೆಯುತ್ತಲೇ ಇದ್ದು ಯಾರೂ ಓದದಿದ್ದರೆ ಎರಡೂ ಬಫರ್ ತುಂಬಿ ಇಬ್ಬರೂ ನಿಲ್ಲುತ್ತಾರೆ. ತಪ್ಪು ಓದದವರದು. ಬಫರ್ ಹಿಗ್ಗಿಸಿದರೆ ಆ ತಪ್ಪು ಪರೀಕ್ಷೆಯಲ್ಲಿ ಸಿಗದೆ ಗ್ರಾಹಕನ ಯಂತ್ರದಲ್ಲಿ ಸಿಗುತ್ತದೆ, ಅಷ್ಟೆ.

ವಿಚಿತ್ರವೆಂದರೆ ಶೆಲ್ ಪೈಪ್‌ಲೈನಿನ ಸೊಗಸನ್ನು ಕೊಂಡಾಡುವವರೂ ಇವರೇ. ಲಿನಕ್ಸ್ ಪೈಪಿನ ಮಾಮೂಲಿ ಸಾಮರ್ಥ್ಯ 65,536 ಬೈಟ್; ತುಂಬಿದರೆ ಬರೆಯುವವನು ಕಾಯುತ್ತಾನೆ.