ಹೆಸರನ್ನಲ್ಲ, ಸಂಖ್ಯೆಯನ್ನು ಬರೆಯಿರಿ



ಗಣಿತ ಕಲಿಸಿದವನಿಗೆ ಸಂಗೀತದ ಉಸಾಬರಿ ಏಕೆಂದು ಕೇಳುವಿರಿ. ಎಣಿಕೆಯ ಗೊಂದಲಕ್ಕಾಗಿ ಒಬ್ಬ ಹುಡುಗನ ಸ್ವರಜ್ಞಾನವನ್ನೇ ಹಳಿದದ್ದನ್ನು ಕಂಡಿದ್ದೇನೆ. ಹಳಿದವರಲ್ಲಿ ನಾನೂ ಒಬ್ಬ.

ಹಟ್ಟಿಯ ಶಾಲೆಯೊಂದರ ವಾರ್ಷಿಕೋತ್ಸವ. ಸಮೂಹಗಾನಕ್ಕೆಂದು ಬೆಂಗಳೂರಿನಲ್ಲಿದ್ದ ಅಣ್ಣ ಕೊಳಲಿನ ಸ್ವರಗಳನ್ನು ಬರೆದು ಕಳುಹಿಸಿದ್ದ. ಊರಿನಲ್ಲಿದ್ದ ತಮ್ಮ ಅವನ್ನು ಕಂಪ್ಯೂಟರಿನ ಸೀಕ್ವೆನ್ಸರಿಗೆ ತುಂಬಿ, ತಾಳವನ್ನು ತಾನೇ ಸೇರಿಸಿ, ಸಿಂಥಸೈಜರಿನಲ್ಲಿ ನುಡಿಸಿದ. ಅಣ್ಣನ ತಂತ್ರಾಂಶದಲ್ಲಿ ಮಿಡಲ್ ಸಿ ಎಂದರೆ ಸಿ4. ತಮ್ಮನದರಲ್ಲಿ ಅದೇ ಸ್ವರ ಸಿ3. ಕೊಳಲು ಒಂದು ಸ್ಥಾಯಿ ಮೇಲೇರಿತು; ಅದನ್ನು ಅನುಸರಿಸಿದ ಮಕ್ಕಳು ಕಿರುಚಿದರು. "ಎಲ್ಲವನ್ನೂ ಹನ್ನೆರಡು ಮನೆ ಇಳಿಸು" ಎಂದು ಯಾರೋ ಸೂಚಿಸಿದರು. ಇಳಿಸಿದ, ತಾಳವೇ ಮೂಕವಾಯಿತು. ಸಭೆ ನಕ್ಕಿತು.

ತಪ್ಪು ಯಾರದು? 1983ರಲ್ಲಿ ರೂಪುಗೊಂಡ ಮಿಡಿ ಪದ್ಧತಿಯಲ್ಲಿ ತಂತಿಯ ಮೇಲೆ ಸಾಗುವುದು ಸ್ವರದ ಹೆಸರಲ್ಲ, 0ಯಿಂದ 127ರೊಳಗಿನ ಒಂದು ಸಂಖ್ಯೆ. ಮಿಡಲ್ ಸಿ ಎಂದರೆ 60. ಅದರ ಸ್ಥಾಯಿಗೆ ಯಾವ ಅಂಕಿ ಹಚ್ಚಬೇಕೆಂಬುದನ್ನು ಮಾತ್ರ ತಯಾರಕರು ತಮತಮಗೆ ತೋಚಿದಂತೆ ನಿರ್ಧರಿಸಿಕೊಂಡರು. ಯಮಾಹಾ ಪದ್ಧತಿಯಲ್ಲಿ ಅದು ಸಿ3, ರೋಲ್ಯಾಂಡ್ ಪದ್ಧತಿಯಲ್ಲಿ ಸಿ4, ಕೇಕ್‌ವಾಕ್ ತಂತ್ರಾಂಶದಲ್ಲಿ ಸಿ5 ಆಗಿತ್ತು. ಒಂದೇ ಸ್ವರಕ್ಕೆ ಮೂರು ಹೆಸರು! ನಮ್ಮ ಗಣಿಯ ಮಲ್ಲಪ್ಪ ಶಾಫ್ಟಿನಲ್ಲಿ ಒಂದು ಎಣಿಕೆ, ಪಕ್ಕದ ಶಾಫ್ಟಿನಲ್ಲಿ ಇನ್ನೊಂದು ಎಣಿಕೆ ಇದ್ದರೆ ಕೆಳಗಿಳಿದ ಕಾರ್ಮಿಕನ ಗತಿಯೇನು?

"ಗುಂಡಿ ಒತ್ತಿದರೆ ಸರಿಹೋಗುತ್ತದೆ, ಇಷ್ಟಕ್ಕೇಕೆ ರಂಪ" ಎನ್ನುವವರುಂಟು. ಕೊಳಲಿಗೆ ಆ ಮಾತು ಸಲ್ಲುತ್ತದೆ, ತಾಳಕ್ಕೆ ಸಲ್ಲದು. 1991ರ ಜನರಲ್ ಮಿಡಿ ನಿಯಮದಂತೆ ಹತ್ತನೆಯ ಚಾನೆಲ್ಲಿನಲ್ಲಿ ಸಂಖ್ಯೆ ಶ್ರುತಿಯನ್ನು ಸೂಚಿಸುವುದಿಲ್ಲ, ವಾದ್ಯವನ್ನೇ ಸೂಚಿಸುತ್ತದೆ. 36 ಎಂದರೆ ಬೇಸ್ ಡ್ರಮ್, 38 ಎಂದರೆ ಸ್ನೇರ್. ಹನ್ನೆರಡು ಕಳೆದರೆ 24, 26. ಆ ನಿಯಮದ ವಾದ್ಯಗಳು ಆರಂಭವಾಗುವುದೇ 35ರಿಂದ. ಹುಡುಗನ ತಾಳ ಮೂಕವಾದದ್ದು ಹೀಗೆ.

"ಹಾರ್ಮೋನಿಯಂ ಪೇಟಿಯಲ್ಲೂ ಖರ್ಜ, ನರ, ಮಾದಿ ಎಂಬ ಬೇರೆಬೇರೆ ಸ್ಥಾಯಿಯ ರೀಡುಗಳಿಲ್ಲವೇ?" ಎಂದೂ ವಾದಿಸಬಹುದು. ಇವೆ. ಆದರೆ ಪೇಟಿ ಮಾಸ್ತರರು ಮೊದಲು ಷಡ್ಜ ಹಿಡಿದು, ಹಾಡುವವರ ಕಂಠ ಕೇಳಿ ಮುಂದುವರಿಯುತ್ತಾರೆ. ಯಂತ್ರಕ್ಕೆ ಆ ಕಿವಿಯಿಲ್ಲ. ಅದಕ್ಕೇ ಅದನ್ನು ರೂಪಿಸುವವರು ಹೆಚ್ಚು ಶಿಸ್ತಿನಿಂದಿರಬೇಕು.

ತಂತ್ರಾಂಶ ಬರೆಯುವ ಶಿಷ್ಯರು ನಿಮ್ಮಲ್ಲಿ ಹಲವರಿದ್ದೀರಿ. ಹೆಸರಿನ ಪಕ್ಕದಲ್ಲಿ ಸಂಖ್ಯೆಯನ್ನೂ ಕಾಣಿಸಿರಿ. ಸ್ವರ ಬರೆದು ಕಳುಹಿಸುವವರು "ಸಿ4" ಎಂದಷ್ಟೇ ಬರೆಯದೆ "60" ಎಂದು ಬರೆಯಿರಿ. ಸ್ಥಾಯಿ ಬದಲಿಸುವಾಗ ಹತ್ತನೆಯ ಚಾನೆಲ್ಲನ್ನು ಮುಟ್ಟದಿರಿ.

ಆ ಹುಡುಗ ಅಂದಿನಿಂದ ಕೀಬೋರ್ಡು ಮುಟ್ಟಿರಲಿಲ್ಲ. ವಿಷಯ ತಿಳಿದ ಮೇಲೆ ಅವನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ.