ನನ್ನ ಮಗಳು ಬಸ್ಸು ಹತ್ತಿದರೆ ಯಾರಿಗೆ ಅಪಾಯ?

ಅಕ್ಕತಂಗಿಯರೇ,

ಹೋದ ತಿಂಗಳು ಸಂಘದ ಸಭೆಯಲ್ಲೇ ಒಬ್ಬರು ನನ್ನನ್ನು ಕೇಳಿದರು: "ಅಂಥ ಹುಡುಗಿಯನ್ನು ಒಂಟಿಯಾಗಿ ಬಸ್ಸಿನಲ್ಲಿ ಕಳಿಸುತ್ತೀಯಲ್ಲ, ನೀನೂ ಒಬ್ಬಳು ತಾಯಿಯೇ?" ಅಂದು ನನ್ನ ಬಾಯಿ ಕಟ್ಟಿತು. ಇಂದು ಬರೆದು ಉತ್ತರ ಕೊಡುತ್ತಿದ್ದೇನೆ.

ಮಗಳಿಗೆ ಈಗ 24 ವರ್ಷ. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ, ಹಾರ್ನ್ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ, ದಿನಚರಿ ಬದಲಾದರೆ ಗಾಬರಿಯಾಗುತ್ತಾಳೆ. ಒಮ್ಮೆ ಕಲಿತ ದಾರಿಯನ್ನು ಮಾತ್ರ ಮರೆಯುವುದಿಲ್ಲ. ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆ ಎಂದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದರು. ಆ ಸುಳ್ಳು ಎಂದೋ ಬಿದ್ದುಹೋಯಿತು. ನಮ್ಮ ಅತ್ತೆಮನೆಗಳಲ್ಲಿ ಇನ್ನೂ ಬಿದ್ದಿಲ್ಲ.

"ಮದುವೆ ಮಾಡಿಬಿಡು, ಸರಿಹೋಗುತ್ತಾಳೆ, ಸ್ವಲ್ಪ ಹೆಚ್ಚು ಕೊಟ್ಟರಾಯಿತು" ಎಂದವರೂ ಉಂಟು. ಹೊಡೆತ ತಿಂದರೂ ಹೇಳಲು ಮಾತು ಬಾರದ ಹುಡುಗಿಯನ್ನು ದುಡ್ಡು ಕೊಟ್ಟು ಗುರುತಿಲ್ಲದ ಮನೆಗೆ ಸಾಗಿಸುವುದು ಇವರಿಗೆ ಕ್ಷೇಮ. ಹಾಡಹಗಲು 40 ಜನರ ನಡುವೆ ಬಸ್ಸಿನಲ್ಲಿ ಕೂರುವುದು ಅಪಾಯ!

ನಾನು ಅವಳನ್ನು ಬೀದಿಗೆ ದೂಡಿಲ್ಲ. ಮೈಸೂರಿನ ಕುವೆಂಪುನಗರದಿಂದ ನಗರ ಬಸ್ ನಿಲ್ದಾಣ, ಅಲ್ಲಿಂದ ಹತ್ತು ನಿಮಿಷ ನಡೆದರೆ ಅವಳು ಕಾಗದದ ಚೀಲ ಮಾಡುವ ಕೇಂದ್ರ. ಇಷ್ಟನ್ನು ಕಲಿಸಲು 2023ರ ಜನವರಿಯಿಂದ ಎಂಟು ತಿಂಗಳು ಹಿಡಿಯಿತು. ಬಸ್ಸಿನ ನಂಬರು, ಇಳಿಯುವ ಜಾಗ, ದಾಟುವ ರಸ್ತೆ ಇವುಗಳ ಫೋಟೊ ಅಂಟಿಸಿ ಪುಟ್ಟ ಪುಸ್ತಕ ಮಾಡಿದೆ. ಮೊದಲು ಪಕ್ಕದಲ್ಲೇ ಕೂತೆ. ಆಮೇಲೆ ಎರಡು ಸೀಟು ಹಿಂದೆ; ಟಿಕೆಟ್ಟು ಅವಳೇ ಕೇಳಬೇಕು. ಆ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಚಿಲ್ಲರೆ ಎಣಿಸುವ ಗಾಬರಿ ತಪ್ಪಿತು, ಗುರುತಿನ ಚೀಟಿ ತೋರಿಸಿದರೆ ಸಾಕು. (ಬಿಟ್ಟಿ ಬಸ್ಸು ಎಂದು ಹಂಗಿಸುವವರಿಗೆ ಇದನ್ನೂ ಹೇಳಿ.) ಆಮೇಲೆ ನಾನು ಹಿಂದಿನ ಬಸ್ಸಿನಲ್ಲಿ. ಕೊನೆಗೊಂದು ದಿನ ನಮ್ಮ ಸ್ಟಾಪಿನಲ್ಲೇ ಉಳಿದುಬಿಟ್ಟೆ. ನಡುಗಿದ್ದು ನನ್ನ ಕಾಲು.

ಆ ವರ್ಷದ ದಸರಾದಲ್ಲಿ ಬಸ್ಸು ದಾರಿ ಬದಲಿಸಿ ಎಲ್ಲೋ ಇಳಿಸಿತು. ಅವಳು ಕಿವಿ ಮುಚ್ಚಿಕೊಂಡು ಫುಟ್‌ಪಾತಿನಲ್ಲಿ ಕೂತು ಅತ್ತಳು. ಒಬ್ಬ ಹುಡುಗ ನಿಂತು ವಿಡಿಯೊ ಮಾಡಿದನಂತೆ. ಹೂ ಮಾರುವ ಹೆಂಗಸೊಬ್ಬಳು ಕೊರಳಿನ ಚೀಟಿ ನೋಡಿ ನನಗೆ ಫೋನ್ ಮಾಡಿದಳು. ನನ್ನದೂ ತಪ್ಪಿತ್ತು. ದಾರಿ ಕಲಿಸಿದ್ದೆ, ದಾರಿ ತಪ್ಪಿದಾಗ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಮತ್ತೊಂದು ತಿಂಗಳು ಬೇಕೆಂದೇ ಬೇರೆ ಬೇರೆ ಸ್ಟಾಪಿನಲ್ಲಿ ಇಳಿದು ಅಭ್ಯಾಸ ಮಾಡಿದೆವು: ನಿಲ್ಲು, ಬದಿಗೆ ಬಾ, ಅಮ್ಮನಿಗೆ ಫೋನ್ ಮಾಡು.

1995ರ ಅಂಗವಿಕಲರ ಕಾನೂನಿನಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 2016ರ ಕಾನೂನಿನಲ್ಲಿ ಇದೆ. ಬಸ್ಸು, ರೈಲು ಅವರಿಗೂ ಅನುಕೂಲವಾಗಿರಬೇಕೆಂದು ಅದು ಹೇಳುತ್ತದೆ. ಆದರೆ ಕೈಹಿಡಿದು ಕಲಿಸುವವರು ಯಾರು? ಕೂಲಿ ಬಿಟ್ಟವಳು ನಾನು. ಅವಳ ಅಪ್ಪ ಒಂದೇ ದಿನ ಜೊತೆಗೆ ಬಂದವರು, "ಜನ ನೋಡುತ್ತಾರೆ" ಎಂದು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ನಿಮ್ಮ ಕನಿಕರ ನನಗೆ ಬೇಡ. ಹೊಲಿಗೆ ಮೆಷಿನ್ನಿಗೆ ಸಾಲ ಕೊಡುವ ಸಂಘ, ಮಗಳಿಗೆ ದಾರಿ ಕಲಿಸಲು ಕೂಲಿ ಕಳೆದುಕೊಳ್ಳುವ ತಾಯಿಗೆ ಯಾಕೆ ಕೊಡಬಾರದು? ಆ ದಾರಿಯಲ್ಲಿ ಮನೆಯಿರುವ ನಾಲ್ಕು ಜನ ಅವಳ ಮುಖ ಗುರುತಿಟ್ಟುಕೊಳ್ಳಿ. ಸಭೆಯಲ್ಲಿ ನನ್ನನ್ನು ಕೇಳಿದ ಅಕ್ಕನ ಮನೆ ಬಸ್ ಸ್ಟಾಪಿನ ಎದುರಿಗೇ ಇದೆ.